ಬಾಡುವುದಕ್ಕೆ ಮೊದಲೇ: ತಗಡೂರು ಸೀಮೆಯ ಬರ ಮತ್ತು ಬೆಳೆಯ ಎಲೆ



ನಾನು ಬೆಳೆಗಳ ಶರೀರಕ್ರಿಯೆಯನ್ನು ಓದಿ, ಅದನ್ನೇ ಕಲಿಸಿ ನಿವೃತ್ತನಾದವನು. ನನಗೆ ಗೊತ್ತಿರುವುದು ಎಲೆಯ ವಿಷಯ. ಅದರಲ್ಲೂ ನೀರು ಸಾಲದೆ ಹೋದಾಗ ಎಲೆ ಏನು ಮಾಡುತ್ತದೆ ಎಂಬುದನ್ನು ನೋಡುತ್ತ ನನ್ನ ಕೆಲಸದ ವರ್ಷಗಳೆಲ್ಲ ಕಳೆದವು. ಆ ವಿದ್ಯೆಯ ಮೊದಲ ಪಾಠ ಸಿಕ್ಕಿದ್ದು ಮಾತ್ರ ಕಾಲೇಜಿನಲ್ಲಲ್ಲ, ಪೆನ್ನಾಗರದ ಕಡೆಯ ನಮ್ಮ ಬೆದ್ದಲು ಹೊಲದಲ್ಲಿ. ಮಳೆ ತಡವಾದ ವರ್ಷಗಳಲ್ಲಿ ನಮ್ಮಜ್ಜಿ ಬೆಳಕು ಹರಿಯುವ ಮುನ್ನವೇ ರಾಗಿ ಹೊಲಕ್ಕೆ ಹೋಗುತ್ತಿದ್ದಳು. ಜೊತೆಗೆ ನಾನು. ಗರಿಯನ್ನು ಎರಡು ಬೆರಳಲ್ಲಿ ಹಿಡಿದು ತುದಿಯ ತನಕ ಸವರಿ ನೋಡುವಳು. ‘ಮಧ್ಯಾಹ್ನ ಸುತ್ತಿಕೊಂಡ್ರೆ ಅದು ಬಿಸಿಲಿಗೆ ಮಗಾ. ಹೊತ್ತು ಮೂಡೋಕೆ ಮುಂಚೆಯೇ ಸುತ್ತಿಕೊಂಡಿದ್ರೆ ನೆಲದಾಗೆ ಏನೂ ಉಳಿದಿಲ್ಲ ಅಂತ’ ಎನ್ನುತ್ತಿದ್ದಳು.

ಅಜ್ಜಿಯ ಮಾತು ಪೂರಾ ಸರಿ. ಹಗಲೆಲ್ಲ ಬೆವರಿ ಸೊರಗಿದ ಗಿಡ ರಾತ್ರಿ ಬೇರಿನಿಂದ ನೀರೆಳೆದು ಸುಧಾರಿಸಿಕೊಳ್ಳುತ್ತದೆ. ಬೆಳಗಿನ ಜಾವಕ್ಕೆ ಎಲೆಯ ಪಸೆಯೂ ನೆಲದ ಪಸೆಯೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದಿರುತ್ತವೆ. ಅದಕ್ಕೇ ನಾವು ಪ್ರಯೋಗಾಲಯದವರೂ ಎಲೆಯ ನೀರಿನ ಸ್ಥಿತಿಯನ್ನು ಅಳೆಯಲು ಸೂರ್ಯೋದಯದ ಮೊದಲಿನ ಹೊತ್ತನ್ನೇ ಆರಿಸಿಕೊಳ್ಳುತ್ತೇವೆ. ಆದರೆ ಅಜ್ಜಿ ಬೆರಳಲ್ಲಿ ಕಂಡುಕೊಳ್ಳುತ್ತಿದ್ದುದು ಬರದ ಕೊನೆಯ ಹಂತವನ್ನು. ಅದಕ್ಕೂ ಎಷ್ಟೋ ದಿನ ಮೊದಲು, ಗಿಡ ಹಸಿರಾಗಿಯೇ, ನೆಟ್ಟಗೇ ನಿಂತಿರುವಾಗ, ಕಣ್ಣಿಗೂ ಬೆರಳಿಗೂ ಗೊತ್ತಾಗದ ಒಂದು ಸಂಗತಿ ನಡೆದುಹೋಗಿರುತ್ತದೆ. ಎಲೆ ಬೆಳೆಯುವುದನ್ನು ನಿಲ್ಲಿಸಿರುತ್ತದೆ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದನ್ನೇ.

ಮೊದಲು ನಮ್ಮ ನೆಲದ ಬಗ್ಗೆ ಎರಡು ಮಾತು. ಧರ್ಮಪುರಿಯ ಹಳೆಯ ಹೆಸರು ತಗಡೂರು. ನೊಳಂಬರ ಕಾಲದ ಕನ್ನಡ ಶಾಸನಗಳು ಆ ಊರಲ್ಲಿ ಸಿಕ್ಕಿವೆ. 1965ರವರೆಗೆ ಅದು ಸೇಲಂ ಜಿಲ್ಲೆಯ ಭಾಗವಾಗಿತ್ತು. 2004ರಲ್ಲಿ ಧರ್ಮಪುರಿ ಜಿಲ್ಲೆಯಿಂದ ಕೃಷ್ಣಗಿರಿ ಬೇರೆಯಾಯಿತು. ಗಡಿಗೆರೆ ಎಷ್ಟು ಸಲ ಬದಲಾದರೂ ನೆಲ ಒಂದೇ: ಗ್ರಾನೈಟು, ನೈಸು ಬಂಡೆಗಳ ಮೇಲೆ ತೆಳುವಾಗಿ ಹಾಸಿದ ಕೆಂಪು ಮರಳುಮಣ್ಣು. ಎಷ್ಟೋ ಹೊಲಗಳಲ್ಲಿ ಒಂದೂವರೆ ಅಡಿ ಅಗೆದರೆ ಗರಸು ಸಿಕ್ಕುತ್ತದೆ. ಇಲ್ಲಿ ಮಳೆಯೇ ಇಲ್ಲ ಎನ್ನುವುದು ತಪ್ಪು ತಿಳಿವಳಿಕೆ. ಮುಂಗಾರು, ಹಿಂಗಾರು ಎರಡೂ ಸೇರಿ ಧರ್ಮಪುರಿಗೆ ವರ್ಷಕ್ಕೆ ಸುಮಾರು 850 ಮಿಲಿಮೀಟರ್ ಮಳೆ. ಚಳ್ಳಕೆರೆಯವರು ಇದನ್ನು ಕೇಳಿದರೆ ಹೊಟ್ಟೆಕಿಚ್ಚು ಪಟ್ಟಾರು. ತೊಂದರೆ ಇರುವುದು ಒಂದು ಮಳೆಗೂ ಇನ್ನೊಂದು ಮಳೆಗೂ ನಡುವೆ. ಆಷಾಢದಲ್ಲಿ ಹದ ನೋಡಿ ಬಿತ್ತಿದ ಮೇಲೆ ಹತ್ತು, ಹದಿನೈದು, ಇಪ್ಪತ್ತು ದಿನ ಆಕಾಶ ಸುಮ್ಮನಿದ್ದುಬಿಡುತ್ತದೆ. ಈ ಬಿಡುವನ್ನು ದಾಟಿಸುವಷ್ಟು ನೀರನ್ನು ಹಿಡಿದಿಡುವ ಹೊಟ್ಟೆ ಆ ತೆಳು ಮಣ್ಣಿಗಿಲ್ಲ.

ಲೆಕ್ಕ ಹಾಕಿ ನೋಡೋಣ. ಒಂದೂವರೆ ಅಡಿ ಆಳದ ಕೆಂಪು ಮಣ್ಣು, ಚೆನ್ನಾಗಿ ನೆನೆದ ಮೇಲೆ, ಬೇರಿಗೆ ಸಿಗುವಂಥ ನೀರನ್ನು ಸುಮಾರು 50 ಮಿಲಿಮೀಟರಿನಷ್ಟು ಇಟ್ಟುಕೊಳ್ಳಬಲ್ಲದು. ಬಿಸಿಲೂ ಗಾಳಿಯೂ ಜೋರಾಗಿರುವ ದಿನ, ಎಲೆಯಿಂದ ಪೂರ್ತಿ ಮುಚ್ಚಿದ ಹೊಲ ದಿನಕ್ಕೆ 5 ಮಿಲಿಮೀಟರ್ ಕಳೆದುಕೊಳ್ಳುತ್ತದೆ. ಅಂದರೆ ಹತ್ತು ದಿನಕ್ಕೆ ಗಡಿಗೆ ಬರಿದು. ಒಂದು ಮಿಲಿಮೀಟರ್ ಎಂದರೆ ಎಕರೆಗೆ ಸುಮಾರು 4,000 ಲೀಟರು. ಹೀಗೆ ದಿನಕ್ಕೆ ಎಕರೆಗೆ 20,000 ಲೀಟರು ನೀರು, ಐದು ಟ್ಯಾಂಕರಿನಷ್ಟು, ಸದ್ದಿಲ್ಲದೆ ಎಲೆಯ ಮೂಲಕ ಆಕಾಶಕ್ಕೆ ಏರುತ್ತಿರುತ್ತದೆ. ಬೇರು ಎಳೆದುಕೊಂಡ ನೀರಿನಲ್ಲಿ ನೂರಕ್ಕೆ ತೊಂಬತ್ತೇಳು ಪಾಲು ಹೋಗುವುದು ಹೀಗೆಯೇ. ಹೊರಗೆ ಬಿಡದೆ ಗತ್ಯಂತರವಿಲ್ಲ. ಗಾಳಿಯಿಂದ ಇಂಗಾಲಾಮ್ಲವನ್ನು ಒಳಗೆ ತೆಗೆದುಕೊಳ್ಳಲು ಎಲೆ ತನ್ನ ಪತ್ರರಂಧ್ರಗಳನ್ನು ತೆರೆಯಲೇಬೇಕು. ತೆರೆದ ಬಾಗಿಲಲ್ಲಿ ಊಟ ಒಳಗೆ ಬರುವಾಗ ನೀರು ಹೊರಗೆ ಹೋಗುತ್ತದೆ.

ನೀರು ಕಡಿಮೆಯಾದಾಗ ಗಿಡ ಮೊದಲು ಈ ಬಾಗಿಲನ್ನು ಮುಚ್ಚುತ್ತದೆ ಎಂದು ನಾವೆಲ್ಲ ಓದಿಕೊಂಡಿದ್ದೆವು. ಅದು ಮೊದಲ ಹೆಜ್ಜೆಯಲ್ಲ. ಎಲೆ ದೊಡ್ಡದಾಗುವುದೆಂದರೆ ಜೀವಕೋಶಗಳು ನೀರು ತುಂಬಿಕೊಂಡು, ಆ ಒತ್ತಡದಿಂದ ತಮ್ಮ ಮೆತ್ತನೆಯ ಗೋಡೆಗಳನ್ನು ಹಿಗ್ಗಿಸಿಕೊಳ್ಳುವುದು. ಬಲೂನಿಗೆ ಗಾಳಿ ಊದಿದ ಹಾಗೆ. ಒತ್ತಡ ಚೂರು ಇಳಿದರೂ ಹಿಗ್ಗುವುದು ನಿಲ್ಲುತ್ತದೆ. ಹಾಗೆಂದು ಬಲೂನು ಜೋತುಬೀಳುವುದಿಲ್ಲ. 1970ರಲ್ಲಿ ಅಮೆರಿಕದ ಜಾನ್ ಬಾಯರ್ ಮುಸುಕಿನ ಜೋಳ, ಸೂರ್ಯಕಾಂತಿ, ಸೋಯಾ ಗಿಡಗಳಲ್ಲಿ ಇದನ್ನು ಅಳೆದು ತೋರಿಸಿದರು. ದ್ಯುತಿಸಂಶ್ಲೇಷಣೆಗೆ ಇನ್ನೂ ಧಕ್ಕೆ ತಟ್ಟಿರದ ಹಂತದಲ್ಲೇ ಎಲೆಯ ಬೆಳವಣಿಗೆ ಕುಸಿದುಬಿದ್ದಿತ್ತು. ಆಮೇಲೆ ನಾನಾ ಬೆಳೆಗಳಲ್ಲಿ ನಡೆದ ಪರೀಕ್ಷೆಗಳೂ ಇದನ್ನೇ ಹೇಳಿವೆ: ನೆಲದಲ್ಲಿ ಬೇರಿಗೆ ಸಿಗುವ ನೀರು ಅರ್ಧದಷ್ಟು ಉಳಿದಿರುವಾಗಲೇ ಎಲೆ ಹಿಗ್ಗುವ ವೇಗ ಕುಗ್ಗತೊಡಗುತ್ತದೆ, ಬೆವರು ಕಡಿಮೆಯಾಗುವುದು ಮೂರರಲ್ಲೊಂದು ಪಾಲಿಗೆ ಇಳಿದ ಮೇಲೆ, ಬಾಡುವುದು ಅದಕ್ಕೂ ಆಮೇಲೆ. ನಮ್ಮ ಹತ್ತು ದಿನದ ಗಡಿಗೆಗೆ ಹೊಂದಿಸಿದರೆ, ಐದನೆಯ ದಿನಕ್ಕೇ ಎಲೆಯ ಬೆಳವಣಿಗೆ ಕುಗ್ಗತೊಡಗಿರುತ್ತದೆ.

ಇದು ಗಿಡದ ಸೋಲು ಎಂದುಕೊಳ್ಳಬೇಡಿ. 1990ರಲ್ಲಿ ಇಂಗ್ಲೆಂಡಿನ ಮೂವರು ಸಂಶೋಧಕರು ಸೇಬಿನ ಸಸಿಯ ಬೇರನ್ನು ಎರಡು ಪಾಲು ಮಾಡಿ ಎರಡು ಕುಂಡಗಳಲ್ಲಿ ಇಟ್ಟರು. ಒಂದಕ್ಕೆ ನೀರು ಹಾಕಿದರು, ಇನ್ನೊಂದನ್ನು ಒಣಗಲು ಬಿಟ್ಟರು. ಎಲೆಗೆ ಬೇಕಾದ ನೀರು ಒದ್ದೆ ಕುಂಡದಿಂದ ಬರುತ್ತಲೇ ಇತ್ತು. ಆದರೂ ಎಲೆ ಬೆಳೆಯುವುದು ತಗ್ಗಿತು. ಆಮೇಲೆ ಒಣಗುತ್ತಿದ್ದ ಬೇರುಗಳನ್ನು ಕತ್ತರಿಸಿ ಹಾಕಿದರು. ಎಲೆ ಮತ್ತೆ ಬೆಳೆಯತೊಡಗಿತು. ಅಂದರೆ ಒಣಗುವ ಬೇರು ಮೇಲಕ್ಕೆ ಒಂದು ಸುದ್ದಿ ಕಳಿಸುತ್ತಿತ್ತು. ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನಿಗೆ ಆ ಸುದ್ದಿಯಲ್ಲಿ ಪಾಲಿದೆ ಎಂದು ಹಲವರು ಭಾವಿಸುತ್ತಾರೆ. ನೆಲದಲ್ಲಿ ಕಷ್ಟದ ಸೂಚನೆ ಕಾಣುತ್ತಿದ್ದ ಹಾಗೆಯೇ ಗಿಡ ಮುಂದಿನ ಖರ್ಚನ್ನು ತಾನಾಗಿ ಕಡಿತ ಮಾಡಿಕೊಳ್ಳುತ್ತದೆ. ಇವತ್ತು ಎಲೆಯನ್ನು ಚಿಕ್ಕದಾಗಿಸಿದರೆ ನಾಳೆ ಬೆವರು ಕಡಿಮೆ. ಉಳಿಸಿದ ನೀರು ತೆನೆಯ ಹೊತ್ತಿಗೆ ಒದಗಬಹುದು. ಮನೆಯಲ್ಲಿ ಕಣಜ ತಗ್ಗಿದ್ದನ್ನು ನೋಡಿ, ಯಾರಿಗೂ ಹೇಳದೆ ತನ್ನ ಮುದ್ದೆಯನ್ನು ಚಿಕ್ಕದು ಮಾಡಿಕೊಳ್ಳುವ ತಾಯಂದಿರನ್ನು ನಾವೆಲ್ಲ ಕಂಡಿದ್ದೇವೆ.

ಈ ಮಿತವ್ಯಯದ ಫಲ ಬೆಳೆಯಿಂದ ಬೆಳೆಗೆ ಬೇರೆ. ರಾಗಿ, ಸಾಮೆಗಳ ಎಲೆ ಇಂಗಾಲಾಮ್ಲವನ್ನು ಮೊದಲು ಒಂದೆಡೆ ದಟ್ಟವಾಗಿ ಕೂಡಿಹಾಕಿ ಆಮೇಲೆ ಬಳಸುವ ಜಾತಿಯದು; ಪತ್ರರಂಧ್ರ ಅರೆ ತೆರೆದಿದ್ದರೂ ಅವುಗಳ ಕೆಲಸ ಸಾಗುತ್ತದೆ. ಬ್ರಿಗ್ಸ್ ಮತ್ತು ಶಾಂಟ್ಸ್ ಎಂಬಿಬ್ಬರು ನೂರು ವರ್ಷಗಳಿಗೂ ಹಿಂದೆ ಅಮೆರಿಕದ ಕೊಲರಾಡೋದಲ್ಲಿ ಕುಂಡಗಳನ್ನು ತೂಗಿ ತೂಗಿ ಕಂಡುಕೊಂಡ ಲೆಕ್ಕ ಇದು: ಒಂದು ಕಿಲೋ ಒಣ ಬೆಳೆಗೆ ಕಿರುಧಾನ್ಯ, ಜೋಳಗಳು ಬೆವರಿದ ನೀರು 300 ಕಿಲೋ ಆಸುಪಾಸು, ಗೋಧಿ 500, ಭತ್ತ 700. ನಮ್ಮ ಗಾಳಿಗೆ ಅಂಕಿ ಅಷ್ಟಿಷ್ಟು ಬದಲಾದರೂ ಅನುಪಾತ ಉಳಿಯುತ್ತದೆ. ಎಕರೆಗೆ ಹತ್ತು ಕ್ವಿಂಟಲ್ ರಾಗಿ, ಇಪ್ಪತ್ತು ಕ್ವಿಂಟಲ್ ಹುಲ್ಲು ಬರಬೇಕಾದರೆ ಎಲೆಯ ಮೂಲಕ ಹೋಗಬೇಕಾದ ನೀರು ಒಂಬತ್ತು ಲಕ್ಷ ಲೀಟರು, ಅಂದರೆ ಸುಮಾರು 225 ಮಿಲಿಮೀಟರ್. ತಗಡೂರಿನ ಮಳೆಯಲ್ಲಿ ಅಷ್ಟು ಧಾರಾಳವಾಗಿ ಇದೆ, ಹರಿದುಹೋಗದಂತೆ ನಿಲ್ಲಿಸಿಕೊಂಡರೆ. ಎಳೆಯ ರಾಗಿಯ ಮೇಲೆ ಕೊರಡು ಎಳೆದು ಪೈರನ್ನು ಬಗ್ಗಿಸುವ ರೂಢಿ ನಮ್ಮವರಲ್ಲಿದೆ. ಮೇಲಿನ ಬೆಳವಣಿಗೆಗೆ ಒಂದು ತಡೆ ಬೀಳುತ್ತದೆ, ತೆಂಡೆ ಹೆಚ್ಚುತ್ತದೆ, ಬೇರು ಕಚ್ಚುತ್ತದೆ. ಎಲೆಯ ಓಟವನ್ನು ರೈತನೇ ಬೇಕೆಂದು ಹಿಡಿದು ನಿಲ್ಲಿಸುವ ಉಪಾಯ ಅದು; ನನಗೆ ಅದರ ಬಗ್ಗೆ ಬಹಳ ಗೌರವ.

ನೆಲಗಡಲೆ ಬೇರೊಂದು ದಾರಿ ಹಿಡಿಯುತ್ತದೆ. ಬಿಸಿಲೇರಿದಾಗ ತನ್ನ ಕಿರುಎಲೆಗಳನ್ನು ಕೈಮುಗಿದ ಹಾಗೆ ಮಡಿಸಿ, ಅಂಚನ್ನು ಮಾತ್ರ ಸೂರ್ಯನಿಗೆ ಒಡ್ಡುತ್ತದೆ. ಎಲೆ ದಪ್ಪಗಿರುವ ನೆಲಗಡಲೆ ತಳಿಗಳು ಅದೇ ನೀರಿಗೆ ಹೆಚ್ಚು ಒಣತೂಕ ಕೊಡುತ್ತವೆ ಎಂಬುದನ್ನು ಹೈದರಾಬಾದಿನ ಇಕ್ರಿಸ್ಯಾಟ್‌ನ ನಾಗೇಶ್ವರ ರಾವ್ ಮತ್ತು ಆಸ್ಟ್ರೇಲಿಯದ ರೈಟ್ 1990ರ ದಶಕದಲ್ಲಿ ತೋರಿಸಿದರು. ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಎಂ. ಉದಯಕುಮಾರ್, ಟಿ. ಜಿ. ಪ್ರಸಾದ್, ಎಂ. ಎಸ್. ಶೇಷಶಾಯಿ ಮುಂತಾದವರು ಎಲೆಯಲ್ಲಿರುವ ಇಂಗಾಲದ ಎರಡು ಐಸೊಟೋಪುಗಳ ಪ್ರಮಾಣವನ್ನು ನೋಡಿ, ಆ ಗಿಡ ಜೀವಮಾನದಲ್ಲಿ ನೀರನ್ನು ಎಷ್ಟು ಹಿಡಿತವಾಗಿ ಬಳಸಿದೆ ಎಂದು ಓದುವ ವಿದ್ಯೆಯನ್ನು ಬೆಳೆಸಿದರು. ಆದರೆ ಹಿಡಿತವೊಂದೇ ಸದ್ಗುಣವಲ್ಲ. ಇಸ್ರೇಲಿನ ಅಬ್ರಹಾಂ ಬ್ಲಮ್ 2009ರಲ್ಲಿ ಬರೆದ ಲೇಖನದಲ್ಲಿ ಇದನ್ನು ನೇರವಾಗಿಯೇ ಹೇಳಿದರು: ನೀರನ್ನು ಹಿಡಿದಿಡುವುದಕ್ಕಿಂತ ನೆಲದಲ್ಲಿರುವ ನೀರನ್ನು ಬೇರು ಇಳಿಸಿ ಪೂರ್ತಿ ಬಳಸುವುದು ಮುಖ್ಯ. ಆಳ ಮಣ್ಣಿರುವಲ್ಲಿ ಇದು ನಿಜ. ನಮ್ಮ ಒಂದೂವರೆ ಅಡಿಯಲ್ಲಿ ಇಳಿಯಲು ಜಾಗವೇ ಇಲ್ಲವಲ್ಲ. ಇಲ್ಲಿ ಮಿತವ್ಯಯಿಯೇ ಬದುಕುತ್ತಾನೆ ಎಂಬುದು ನನ್ನ ಅಭಿಪ್ರಾಯ. ಕೃಷ್ಣಗಿರಿಯ ಹತ್ತಿರದ ಪೈಯೂರು ಸಂಶೋಧನಾ ಕೇಂದ್ರ ಹೊರತಂದ ರಾಗಿ, ಸಾಮೆ, ಹುರುಳಿ ತಳಿಗಳಿಗೆ ಈ ಕಾರಣಕ್ಕಾಗಿಯೇ ನಾನು ಬೆಲೆ ಕೊಡುತ್ತೇನೆ. ಅವು ಇದೇ ಮಣ್ಣಿನಲ್ಲಿ ಆರಿಸಿದವು.

ರೈತನಿಗೆ ಎಲೆಯೇ ಫಸಲಾಗಿರುವ ಬೆಳೆಯ ಗತಿ ಏನು? ಧರ್ಮಪುರಿಯ ರೇಷ್ಮೆಗೂಡಿನ ಮಾರುಕಟ್ಟೆಗೆ ಗೂಡು ತರುವವರನ್ನು ಕೇಳಿ. ರೇಷ್ಮೆಹುಳು ನೀರು ಕುಡಿಯುವುದಿಲ್ಲ. ಅದರ ಮೈಯಲ್ಲಿರುವ ನೀರೆಲ್ಲ ಹಿಪ್ಪುನೇರಳೆ ಎಲೆಯಿಂದಲೇ ಬರಬೇಕು. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, ನೂರಕ್ಕೆ ಎಂಬತ್ತರಷ್ಟು ತೇವಾಂಶವಿರುವ ಎಳೆ ಎಲೆ ಬೇಕು. ಬರದಲ್ಲಿ ಎಲೆ ಚಿಕ್ಕದಾಗುವುದು ಒಂದು ನಷ್ಟ, ಒರಟಾಗಿ ಬೇಗ ಬಲಿಯುವುದು ಇನ್ನೊಂದು. ಹುಳು ಜ್ವರಕ್ಕೆ, ಅಂದರೆ ಪೊರೆ ಬಿಡುವುದಕ್ಕೆ, ಏಕಸಮನಾಗಿ ಕೂರುವುದಿಲ್ಲ, ಹಣ್ಣಾಗುವುದು ತಡವಾಗುತ್ತದೆ, ಚಂದ್ರಿಕೆಯಿಂದ ಬಿಡಿಸಿದ ಗೂಡು ಹಗುರ. ಮಣ್ಣಿನ ಒಂದು ವಾರದ ಕೊರತೆ ಮಾರುಕಟ್ಟೆಯ ತಕ್ಕಡಿಯ ತನಕ ನಡೆದುಬರುತ್ತದೆ.

ಹಿಪ್ಪುನೇರಳೆಯ ಬಗ್ಗೆ ನನಗೆ ವಿಶೇಷ ಪ್ರೀತಿ ಇರುವುದು ಇನ್ನೊಂದು ಕಾರಣಕ್ಕೆ. ಒಂದು ಎಲೆ ಎಳೆಯದಾಗಿದ್ದಾಗ ನೀರು ಸಿಗದೆ ಚಿಕ್ಕದಾಗಿ ಬಲಿತರೆ, ಆಮೇಲೆ ಎಷ್ಟು ಮಳೆ ಬಂದರೂ ಅದು ದೊಡ್ಡದಾಗುವುದಿಲ್ಲ. ಅಲ್ಲಿಯ ಗೆಣ್ಣೂ ಗಿಡ್ಡವೇ. ಆದ್ದರಿಂದ ಒಂದು ಕಡ್ಡಿಯನ್ನು ಬುಡದಿಂದ ತುದಿಗೆ ಓದುತ್ತ ಹೋದರೆ, ಅಗಲ ಎಲೆ, ಉದ್ದ ಗೆಣ್ಣು ಬಂದಲ್ಲಿ ಮಳೆಯ ವಾರ. ಕಿರಿದಾದ ಎಲೆ, ಒತ್ತಾದ ಗೆಣ್ಣು ಬಂದಲ್ಲಿ ಒಣ ವಾರ. ವಿದ್ಯಾರ್ಥಿಗಳಿಗೆ ಕಡ್ಡಿ ಕೊಟ್ಟು, ಅದರಿಂದ ಮಳೆಯ ತಾರೀಖುಗಳನ್ನು ಊಹಿಸಿ ಬರೆಯಿರಿ ಎನ್ನುತ್ತಿದ್ದೆ. ಆಮೇಲೆ ಮಳೆಮಾಪಕದ ಪುಸ್ತಕ ತೆರೆದರೆ ಅವರ ಊಹೆ ಬಹಳ ದೂರ ಹೋಗಿರುತ್ತಿರಲಿಲ್ಲ.

ಇನ್ನು ಸೇಲಂನ ಮರಗೆಣಸು. ಎರಡನೇ ಮಹಾಯುದ್ಧದ ದಿನಗಳಲ್ಲಿ, 1943ರ ಸುಮಾರಿಗೆ, ಸೇಲಂನಲ್ಲಿ ಮರಗೆಣಸಿನ ಪಿಷ್ಟದಿಂದ ಸಬ್ಬಕ್ಕಿ ಮಾಡುವ ಕೆಲಸ ಶುರುವಾಯಿತು. ನಾವು ಹಬ್ಬಕ್ಕೆ ಪಾಯಸ ಮಾಡುವ ಸಬ್ಬಕ್ಕಿಯ ಹೆಚ್ಚಿನ ಪಾಲು ಇವತ್ತಿಗೂ ಆ ಸೀಮೆಯದು. 1981ರಿಂದ ಸಾಗೋಸರ್ವ್ ಎಂಬ ಸಹಕಾರ ಸಂಘ ಅದರ ವ್ಯಾಪಾರಕ್ಕೆ ನಿಂತಿದೆ. ಮರಗೆಣಸಿನ ಎಲೆ ಬಹಳ ಸೂಕ್ಷ್ಮ. ಕೊಲಂಬಿಯಾದ ಕಾಲಿ ನಗರದ ಬಳಿಯ ಅಂತರರಾಷ್ಟ್ರೀಯ ಕೇಂದ್ರದಲ್ಲಿ ಎಲ್-ಶರ್ಕಾವಿ ಮತ್ತು ಕಾಕ್ 1980ರ ದಶಕದಲ್ಲಿ ಕಂಡ ಸಂಗತಿ ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ: ನೆಲ ಒದ್ದೆಯಾಗಿದ್ದರೂ, ಗಾಳಿ ಒಣಗಿದರೆ ಸಾಕು, ಈ ಗಿಡ ಪತ್ರರಂಧ್ರವನ್ನು ಮುಚ್ಚುತ್ತದೆ. ಬರ ಮುಂದುವರಿದರೆ ಹೊಸ ಎಲೆಗಳನ್ನು ಕಿರಿದು ಮಾಡಿ, ಹಳೆಯವನ್ನು ಉದುರಿಸಿ, ತುದಿಯಲ್ಲಿ ನಾಲ್ಕು ಎಲೆ ಇಟ್ಟುಕೊಂಡು ತಿಂಗಳುಗಟ್ಟಲೆ ಕಾಯುತ್ತದೆ. ಸಾಯುವುದಿಲ್ಲ. ಇದನ್ನು ನೋಡಿಯೇ ಅದನ್ನು ಬರ ತಡೆಯುವ ಬೆಳೆ ಎಂದು ಕರೆದದ್ದು.

ಆದರೆ ಮಳೆ ಬಂದ ಮೇಲಿನ ಕಥೆಯನ್ನು ಕಾರ್ಖಾನೆಯ ಗೇಟಿನಲ್ಲಿ ನಿಂತ ರೈತರನ್ನು ಕೇಳಬೇಕು. ಎಲೆ ಉದುರಿಸಿದ ಗಿಡ ಹೊಸ ಎಲೆ ಹಾಕಲು ಬೇಕಾದ ಬಂಡವಾಳವನ್ನು ಗೆಡ್ಡೆಯಲ್ಲಿ ಕೂಡಿಟ್ಟ ಪಿಷ್ಟದಿಂದಲೇ ತೆಗೆಯುತ್ತದೆ. ಹೊಲ ಹಸಿರಾಗುತ್ತದೆ, ಗೆಡ್ಡೆ ಬಡವಾಗುತ್ತದೆ. ಸೇಲಂನಲ್ಲಿ ಗೆಣಸಿನ ಬೆಲೆ ಕಟ್ಟುವುದು ಪಿಷ್ಟದ ಪಾಯಿಂಟಿನ ಮೇಲೆ. ಮಳೆ ಬಿದ್ದು ಚಿಗುರಿದ ತಕ್ಷಣ ಕಿತ್ತವರಿಗೆ ಪಾಯಿಂಟು ಬೀಳುತ್ತದೆ. ಎಲೆ ಬಲಿತು ಸಾಲ ತೀರಿಸುವವರೆಗೆ ಕಾದವರಿಗೆ ಚೇತರಿಸುತ್ತದೆ. ಮನೆಯ ಖರ್ಚು ಕಾಯಲು ಬಿಡುವುದಿಲ್ಲ ಎಂಬುದು ಬೇರೆ ಮಾತು. ಜೊತೆಗೆ, ನೆಟ್ಟ ಮೊದಲ ಐದು ತಿಂಗಳಲ್ಲಿ, ಎಲೆಯ ಮೇಲಾವರಣ ಕಟ್ಟಿಕೊಳ್ಳುವ ಹೊತ್ತಿನಲ್ಲಿ ಬಿದ್ದ ಬರದ ನಷ್ಟ ಪೂರ್ತಿ ತುಂಬಿಬರುವುದು ಕಷ್ಟ. ಬರ ತಡೆಯುವ ಬೆಳೆ ಎಂಬ ಹೆಸರನ್ನು ನಂಬಿ ಆ ತಿಂಗಳುಗಳಲ್ಲಿ ಅದನ್ನು ಮರೆಯಬಾರದು.

ಎಲೆ ಕಿರಿದಾದದ್ದೆಲ್ಲ ಬರದಿಂದಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. 2020ರಲ್ಲಿ ಕೇರಳದಲ್ಲಿ ಮೊದಲು ಕಂಡ ಮರಗೆಣಸಿನ ಹಿಟ್ಟುತಿಗಣೆ ಬೇಗನೆ ಸೇಲಂ, ನಾಮಕ್ಕಲ್‌ಗಳಿಗೂ ಹಬ್ಬಿತು. ಅದು ರಸ ಹೀರಿದ ತುದಿಯಲ್ಲಿ ಎಲೆಗಳು ಮುದುಡಿ, ಗೆಣ್ಣು ಗಿಡ್ಡವಾಗಿ ಗೊಂಚಲಾಗುತ್ತವೆ. ದೂರದಿಂದ ನೋಡಿದವರು ಬರವೆಂದೇ ತಿಳಿದರು. ಬೆಂಗಳೂರಿನ ಕೃಷಿ ಕೀಟ ಸಂಪನ್ಮೂಲಗಳ ರಾಷ್ಟ್ರೀಯ ಬ್ಯೂರೋ ಈ ತಿಗಣೆಯನ್ನು ಹತೋಟಿಗೆ ತರಲು ಆಫ್ರಿಕದ ಬೆನಿನ್‌ನಿಂದ ತರಿಸಿದ ಪುಟ್ಟ ಕಣಜದ ಹುಳುವನ್ನು 2022ರ ಮಾರ್ಚಿನಲ್ಲಿ ಸೇಲಂ ಜಿಲ್ಲೆಯ ಯೇತಾಪುರದ ಮರಗೆಣಸು ಮತ್ತು ಹರಳು ಸಂಶೋಧನಾ ಕೇಂದ್ರದಲ್ಲಿ ಬಿಡುಗಡೆ ಮಾಡಿತು. ಎಲೆಯನ್ನು ಮಗುಚಿ ನೋಡದೆ ತೀರ್ಪು ಕೊಡಬಾರದು.

ಈಗ ಸರ್ಕಾರ ಬರವನ್ನು ಹೇಗೆ ಗುರುತಿಸುತ್ತದೆ ಎಂಬ ಪ್ರಶ್ನೆಗೆ ಬರುತ್ತೇನೆ. 2016ರ ಕೇಂದ್ರ ಬರ ನಿರ್ವಹಣಾ ಕೈಪಿಡಿಯ ಪ್ರಕಾರ ಹಗುರ ಮಣ್ಣಿನಲ್ಲಿ ಸತತ ಮೂರು ವಾರ, ಪ್ರತಿ ವಾರವೂ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆಯಾದರೆ ಅದು ಒಣ ಅವಧಿ. ಆಮೇಲೆ ಉಪಗ್ರಹದಿಂದ ಹಸಿರಿನ ಸೂಚ್ಯಂಕ, ಆಮೇಲೆ ಹಳ್ಳಿಗಳಲ್ಲಿ ತಪಾಸಣೆ. ಪರಿಹಾರಕ್ಕೆ ಬೆಳೆ ನಷ್ಟ ನೂರಕ್ಕೆ 33 ದಾಟಿರಬೇಕು. ಮೊದಲಿದ್ದ 50ನ್ನು 33ಕ್ಕೆ ಇಳಿಸಿದ್ದು ಒಳ್ಳೆಯ ಕೆಲಸ. ಆದರೆ ಐದನೆಯ ದಿನ ಎಲೆಯ ಬೆಳವಣಿಗೆ ಕುಗ್ಗತೊಡಗಿದ ಹೊಲದಲ್ಲಿ ಇಪ್ಪತ್ತೊಂದನೆಯ ದಿನ ಒಣ ಅವಧಿ ಶುರುವಾಯಿತೆಂದು ಬರೆದುಕೊಂಡರೆ, ನಡುವಿನ ಹದಿನಾರು ದಿನದ ಲೆಕ್ಕ ಯಾರ ಪುಸ್ತಕದಲ್ಲಿದೆ? 2016ರ ಹಿಂಗಾರು ತಮಿಳುನಾಡಿನಲ್ಲಿ ವಾಡಿಕೆಗಿಂತ ನೂರಕ್ಕೆ 62ರಷ್ಟು ಕಡಿಮೆಯಾಯಿತು. ಆಗಿದ್ದ ಎಲ್ಲ 32 ಜಿಲ್ಲೆಗಳನ್ನೂ ಬರಪೀಡಿತ ಎಂದು ಘೋಷಿಸಿದ್ದು 2017ರ ಜನವರಿಯಲ್ಲಿ. ಬೆದ್ದಲಿನ ರಾಗಿಯಲ್ಲಿ ಕೊಯ್ಯುವುದೇನಿತ್ತೋ ಅದನ್ನು ಕೊಯ್ದು ಆಗಿತ್ತು. ತಡವಾಗಿ ಕಣ್ಣು ತೆರೆದರೆ ಏನಾಗುತ್ತದೆ ಎಂಬುದು ನಮ್ಮ ಸೀಮೆಗೆ ಹೊಸ ಪಾಠವಲ್ಲ. 1871ರ ಜನಗಣತಿಯಲ್ಲಿ ಅಂದಿನ ಸೇಲಂ ಜಿಲ್ಲೆಯ ಜನಸಂಖ್ಯೆ ಸುಮಾರು 19.67 ಲಕ್ಷ, 1876-78ರ ದೊಡ್ಡ ಕ್ಷಾಮ ಹಾದುಹೋದ ಮೇಲೆ, 1881ರಲ್ಲಿ, ಸುಮಾರು 16 ಲಕ್ಷ.

ಹಿಂದೆ ಬಾರಾಮಹಲ್ ಎನಿಸಿಕೊಂಡಿದ್ದ ನಮ್ಮ ಈ ನೆಲವನ್ನು 1792ರ ನಂತರ ಬ್ರಿಟಿಷ್ ಅಧಿಕಾರಿಗಳಾದ ಅಲೆಕ್ಸಾಂಡರ್ ರೀಡ್, ಥಾಮಸ್ ಮನ್ರೊ ಹೊಲ ಹೊಲವಾಗಿ ಅಳೆದು ಕಂದಾಯ ಗೊತ್ತು ಮಾಡಿದರು. ರೈತವಾರಿ ಪದ್ಧತಿ ರೂಪುಗೊಂಡದ್ದು ಇಲ್ಲಿ. ನೆಲವನ್ನು ಇಷ್ಟು ಮೊದಲೇ, ಇಷ್ಟು ನಿಖರವಾಗಿ ಅಳೆಸಿಕೊಂಡ ಸೀಮೆಯಲ್ಲಿ ಎಲೆಯನ್ನು ಮಾತ್ರ ನಾವು ಇನ್ನೂ ಅಳೆದಿಲ್ಲ. ಅದಕ್ಕೆ ಬೇಕಾದದ್ದು ಒಂದು ಅಡಿಪಟ್ಟಿ. ರಾಗಿಯ ಗರಿ ಬೆಳೆಯುವುದು ಬುಡದಿಂದ, ಸುಳಿಯ ಒಳಗಿನಿಂದ. ಹತ್ತು ಗಿಡಗಳಿಗೆ ಬಣ್ಣದ ದಾರ ಕಟ್ಟಿ, ಸುಳಿಯಿಂದ ಹೊರಬರುತ್ತಿರುವ ಎಳೆ ಗರಿಯ ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಬರೆದಿಡಿ. ಗರಿ ಪೂರ್ತಿ ಬಿಚ್ಚಿಕೊಂಡ ಮೇಲೆ ಅದರ ಮುಂದಿನ ಗರಿಯನ್ನು ಹಿಡಿಯಿರಿ. ಮಳೆಯಾದ ವಾರದ ಏರಿಕೆ ನಿಮ್ಮ ಅಳತೆಗೋಲು. ಅದು ಅರ್ಧಕ್ಕೆ ಇಳಿದ ದಿನ ಬರ ಹೊಲಕ್ಕೆ ಕಾಲಿಟ್ಟಿದೆ ಎಂದು ತಾರೀಖು ಹಾಕಿ.

ಆ ದಿನ ಏನು ಮಾಡಬೇಕೆಂಬುದು ಬೆಳೆಯ ಮೇಲೆ ಹೋಗುತ್ತದೆ. ತೆಂಡೆಯೊಡೆಯುವ ಮೊದಲಿನ ರಾಗಿಯಾದರೆ ಹೆದರಬೇಡಿ, ಕಳೆ ತೆಗೆದು ಎಡೆಕುಂಟೆ ಹೊಡೆಯಿರಿ, ಹೊಂಡದ ನೀರನ್ನು ಹೂವಿನ ಕಾಲಕ್ಕೆ ಉಳಿಸಿ. ಹಿಪ್ಪುನೇರಳೆಯಾದರೆ ಅಂದೇ ನೀರು ಕೊಡಿ, ಇಲ್ಲವೇ ಈ ಸಲ ಮೊಟ್ಟೆ ಕಡಿಮೆ ತನ್ನಿ. ಎಳೆ ಮರಗೆಣಸಿಗೆ ಬುಡದಲ್ಲಿ ಹೊದಿಕೆ ಹಾಕಿ. ಕೊಳವೆಬಾವಿಯನ್ನು ಇನ್ನೂ ನೂರಡಿ ಇಳಿಸುವುದು ಮಾತ್ರ ಉತ್ತರವಲ್ಲ. ಧರ್ಮಪುರಿಯಲ್ಲಿ ಆಳದ ನೀರಿನ ಫ್ಲೋರೈಡು ಎಷ್ಟು ಮಕ್ಕಳ ಹಲ್ಲು, ಎಷ್ಟು ಹಿರಿಯರ ಮೂಳೆ ಕೆಡಿಸಿತು, ಅದಕ್ಕಾಗಿ ಹೊಗೇನಕಲ್ಲಿನಿಂದ ಕುಡಿಯುವ ನೀರು ತರುವ ಯೋಜನೆ ಮಾಡಬೇಕಾಯಿತು ಎಂಬುದು ನಿಮಗೆಲ್ಲ ಗೊತ್ತು.

ಸಭೆಯಲ್ಲಿ ಗಡಿಭಾಗದ ಶಾಲೆಗಳ ಮೇಷ್ಟ್ರುಗಳೂ ಮೇಡಂಗಳೂ ಇದ್ದೀರಿ. ಈ ಆಷಾಢದಲ್ಲಿ ನಿಮ್ಮ ಏಳನೇ, ಎಂಟನೇ ತರಗತಿಯ ಮಕ್ಕಳ ಕೈಗೆ ಅಡಿಪಟ್ಟಿ, ದಾರ, ನೋಟ್‌ಬುಕ್ಕು ಕೊಡಿ. ಶಾಲೆಯ ದಾರಿಯಲ್ಲಿರುವ ಒಂದು ರಾಗಿ ಹೊಲ ಸಾಕು. ಪ್ರತಿ ಪುಟದಲ್ಲಿ ತಾರೀಖು, ಮಳೆ, ಗರಿಯ ಎತ್ತರ. ಸುಗ್ಗಿ ಮುಗಿದ ಮೇಲೆ ಆ ಪುಸ್ತಕವನ್ನು ಗ್ರಾಮಸಭೆಯ ಮುಂದಿಟ್ಟು ಓದಿಸಿ, ಒಂದು ಪ್ರತಿಯನ್ನು ಕೃಷಿ ಅಧಿಕಾರಿಗೆ ಕೊಡಿ. ಇನ್ನೊಂದು ಪ್ರತಿಯನ್ನು ನನಗೆ ಕಳಿಸಿ. ಬಂದ ಒಂದೊಂದು ಪುಸ್ತಕವನ್ನೂ ನಾನು ಕೂತು ಓದುತ್ತೇನೆ.